ಸಂಶೋಧನೆಯ ಮಾಹಿತಿಯನ್ನೆಲ್ಲ ಬಹಿರಂಗ ಮಾಡಬೇಕಾ?

ಸಂಶೋಧನೆಯ ಮಾಹಿತಿಯನ್ನೆಲ್ಲ ಜನರ ಮುಂದೆ ಇಟ್ಟರೆ ಒಳ್ಳೆಯದಾ, ಅಪಾಯವಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಪ್ರಯೋಗ ಹೇಗೆ ಮಾಡಿದರು, ಲೆಕ್ಕ ಎಲ್ಲಿಂದ ಬಂತು ಅನ್ನೋದನ್ನು ತೋರಿಸಲೇಬೇಕು. ಆದರೆ ಆ ಲೆಕ್ಕದೊಳಗಿನ ಮಂದಿಯನ್ನು ಬಯಲಿಗೆ ಎಳೆಯಬಾರದು. ಕೋವಿಡ್ ಕಾಲದಲ್ಲಿ ಎರಡೂ ಗೊತ್ತಾಯಿತು.

ಕೊರೊನಾ ವೈರಸ್‌ನ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಮಾಹಿತಿ, 2020ರ ಜನವರಿ 11ಕ್ಕೆ ಇಂಟರ್ನೆಟ್‌ಗೆ ಬಂತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಅದನ್ನು ನೋಡಿಯೇ ಮಾಡರ್ನಾ ಕಂಪನಿ ಲಸಿಕೆ ತಯಾರಿಸಿತು, ಮಾರ್ಚ್ 16ಕ್ಕೆ ಅಮೆರಿಕದಲ್ಲಿ ಪ್ರಯೋಗಕ್ಕಾಗಿ ಅದರ ಮೊದಲ ಚುಚ್ಚುಮದ್ದು ಕೊಟ್ಟೂ ಆಗಿತ್ತು. ಎರಡೇ ತಿಂಗಳ ಮಾತು!

ಮುಚ್ಚಿಟ್ಟರೆ ಏನಾಗುತ್ತೆ ಅನ್ನೋದೂ ಆಗಲೇ ಕಂಡಿತು. ಮಲೇರಿಯಾದ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಂಡ ಕೋವಿಡ್ ರೋಗಿಗಳಲ್ಲಿ ಸಾವು ಜಾಸ್ತಿ ಅಂತ ಮೇ 22ಕ್ಕೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಲೇಖನ ಬಂತು. ಸುಮಾರು 96 ಸಾವಿರ ರೋಗಿಗಳ ಲೆಕ್ಕ ಅಂತ ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನು ಕೆಲವು ದಿನ ನಿಲ್ಲಿಸಿಯೇ ಬಿಟ್ಟಿತು. ಮೂಲ ದಾಖಲೆ ತೋರಿಸಿ ಅಂದರೆ ಅದನ್ನು ಇಟ್ಟುಕೊಂಡಿದ್ದ ಕಂಪನಿ ಕೊಡಲಿಲ್ಲ. ಜೂನ್ 4ಕ್ಕೆ ಲೇಖನ ವಾಪಸಾಯಿತು. ಮೊದಲ ದಿನವೇ ದಾಖಲೆ ತೆರೆದಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ?

ಇನ್ನು ಅಪಾಯದ ಮಾತು. ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರು, 2020ರ ಮಾರ್ಚ್ 10ಕ್ಕೆ. ಆಗ ಊರಿಗೆ ಊರೇ ಹೆದರಿತ್ತು. ಆ ದಿನಗಳಲ್ಲೇ ನಮ್ಮ ಓಣಿಯ ವಾಟ್ಸಾಪ್‌ಗೆ ಹೊರಗಿಂದ ಬಂದವರ ಒಂದು ಪಟ್ಟಿ ಬಂತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ವಯಸ್ಸು, ಓಣಿ, ಊರಿಗೆ ಬಂದ ತಾರೀಖು, ಇಷ್ಟೇ. ಆದರೆ ನಮ್ಮ ಓಣಿಯಲ್ಲಿ ಆ ವಾರ ಹೊರಗಿಂದ ಬಂದ ಐವತ್ತೆಂಟರವರು ಅಂದರೆ ಒಬ್ಬರೇ, ಮೂಲೆಮನೆ ಕಾಕಿ. ಮರುದಿನದಿಂದ ಹಾಲಿನವನು ಅವರ ಮನೆ ಮುಂದೆ ನಿಲ್ಲಲಿಲ್ಲ. ಹಾಲಿನ ಪಾತ್ರೆ ಕಟ್ಟೆಯ ಮೇಲೆ ಬರಿದಾಗಿಯೇ ಕೂತಿರುತ್ತಿತ್ತು. ಕಾಕಿಗೆ ಸೋಂಕು ಇರಲೇ ಇಲ್ಲ.

ಅದಕ್ಕೇ ಹೇಳ್ತೀನಿ, ಹೆಸರು ಅಳಿಸಿದರೆ ಸಾಕು ಅಂತ ಸುಮ್ನೆ ಅಂದುಕೊಳ್ಳಬೇಡಿ. ವಯಸ್ಸಿನ ಬದಲು 50ರಿಂದ 60 ಅಂತ ಬರೆಯಬಹುದು, ಓಣಿಯ ಬದಲು ಜಿಲ್ಲೆ. ಅದೂ ಸಾಲದಿದ್ದರೆ, ಗುಟ್ಟು ಕಾಯುತ್ತೇವೆ ಅಂತ ಬರೆದುಕೊಟ್ಟ ಸಂಶೋಧಕರಿಗೆ ಮಾತ್ರ ಕೊಡಬಹುದು. ಇಷ್ಟು ಮಾಡಿದರೂ ಲೆಕ್ಕ ಸರಿ ಇದೆಯಾ ಅಂತ ಬೇರೆಯವರು ಪರೀಕ್ಷೆ ಮಾಡೋಕೆ ಆಗುತ್ತೆ.

ಆಮೇಲೊಮ್ಮೆ ಆರೋಗ್ಯ ಸಮೀಕ್ಷೆಯ ಹುಡುಗಿಯರು ನಮ್ಮ ಓಣಿಗೆ ಬಂದರು. ಕಾಕಿ ಬಾಗಿಲಲ್ಲೇ ನಿಂತು ಅಂದರು: "ಹೋದ ಸಲ ಹೇಳಿದ್ದು ಓಣಿಗೆಲ್ಲ ಗೊತ್ತಾತು. ಮತ್ತ ಯಾಕ ಹೇಳ್ಲಿ?"