ಒಂದು ಎಕರೆ ಉಳುಮೆಗೆ ಟ್ರ್ಯಾಕ್ಟರ್ ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ಅಳೆಯುವುದು ಹೇಗೆ?

ಮೀಟರ್ ಬೇಕಿಲ್ಲ, ಲೀಟರ್ ಅಳತೆಯ ಪಾತ್ರೆ ಸಾಕು. ಟ್ರ್ಯಾಕ್ಟರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಟ್ಯಾಂಕ್ ಭರ್ತಿ ಮಾಡಿ. ಉಳುಮೆ ಮುಗಿದ ಮೇಲೆ ಅದೇ ಜಾಗಕ್ಕೆ ತಂದು, ಅದೇ ದಿಕ್ಕಿಗೆ ನಿಲ್ಲಿಸಿ, ಮತ್ತೆ ಅದೇ ಮಟ್ಟಕ್ಕೆ ಅಳೆದು ಹಾಕಿ. ಹಾಕಿದಷ್ಟೇ ಖರ್ಚು. ಗಾಡಿ ಸ್ವಲ್ಪ ವಾಲಿದರೂ ಲೆಕ್ಕ ತಪ್ಪುತ್ತದೆ, ನೊರೆ ಇಳಿಯುವವರೆಗೂ ಕಾಯಬೇಕು. ಹತ್ತು ಗುಂಟೆ ಉತ್ತು ಅಳೆದರೆ ಸಾಲದು, ಒಂದೆರಡು ಎಕರೆಯಾದರೂ ಆಗಲಿ.

ಶಕ್ತಿಯ ಲೆಕ್ಕದಲ್ಲಿ ಒಂದು ಲೀಟರ್ ಡೀಸೆಲ್ ಅಂದರೆ ಸುಮಾರು 36 ಮೆಗಾಜೌಲ್, ಕರೆಂಟಿನ 10 ಯೂನಿಟ್‌ನಷ್ಟು. ನೇಗಿಲು ಎಳೆಯಲು ಅದರಲ್ಲಿ ಕಾಲು ಭಾಗ ಸಿಕ್ಕರೆ ಅದೇ ಜಾಸ್ತಿ. ಉಳಿದದ್ದು ಬಿಸಿಯಾಗಿ, ಚಕ್ರ ಜಾರಿ ಹೋಗುತ್ತದೆ.

ಉಳುಮೆಯ ಆಳ, ಮಣ್ಣಿನ ಹದ ಎರಡನ್ನೂ ಜೊತೆಗೇ ಬರೆದಿಡಿ. ಎರೆಮಣ್ಣಿನ ಅಂಕಿಯನ್ನು ಕೆಂಪು ಮಣ್ಣಿನ ಅಂಕಿಗೆ ಸುಮ್ನೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.