ಸಮೀಕರಣ ಎಣಿಸಬೇಡಿ, ಕೇಳಿದ್ದೇನು ನೋಡಿ

ಪ್ರಶ್ನೆ: ಸರ್, ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಡೇಟಾ ಸಫಿಷಿಯೆನ್ಸಿಯಲ್ಲಿ, ಅಂದರೆ ಉತ್ತರ ಹೇಳಲು ಕೊಟ್ಟ ಹೇಳಿಕೆಗಳಲ್ಲಿ ಯಾವುದು ಸಾಕು ಅಂತ ಮಾತ್ರ ಕೇಳುವ ಪ್ರಶ್ನೆಗಳಲ್ಲಿ, ಸರಾಸರಿ ಬಂದರೆ ತಲೆ ಕೆಡುತ್ತದೆ. ಒಂದು ತರಗತಿಯಲ್ಲಿ ಹುಡುಗರ ಸರಾಸರಿ ಅಂಕ 60, ಹುಡುಗಿಯರದು 70. ಇಡೀ ತರಗತಿಯ ಸರಾಸರಿ ಎಷ್ಟು? ಹೇಳಿಕೆ 1: ಹುಡುಗರು ಹುಡುಗಿಯರ ಎರಡರಷ್ಟಿದ್ದಾರೆ. ಹೇಳಿಕೆ 2: ಹುಡುಗಿಯರಿಗಿಂತ ಹುಡುಗರು 10 ಜಾಸ್ತಿ. ಎರಡೂ ಬೇಕು ಎಂದು ಬರೆದೆ. 1 ಒಂದೇ ಸಾಕು ಅಂತ ಉತ್ತರ ಕೊಟ್ಟಿದ್ದಾರೆ. ಎಷ್ಟು ಜನ ಅಂತಲೇ ಗೊತ್ತಿಲ್ಲದೆ ಸರಾಸರಿ ಹೇಗೆ ಬರುತ್ತದೆ?
– ಓದುಗಿ, ದಾವಣಗೆರೆ

ಉತ್ತರ: ಎಷ್ಟು ಜನ ಅಂತ ಅವರು ಕೇಳೇ ಇಲ್ಲ, ಅಲ್ವಾ? ಕೇಳಿದ್ದು ಸರಾಸರಿ. ಹುಡುಗಿಯರು ಎಕ್ಸ್ ಅಂದುಕೊಳ್ಳಿ, ಆಗ ಹುಡುಗರು 2ಎಕ್ಸ್. ಒಟ್ಟು ಅಂಕ 120ಎಕ್ಸ್ + 70ಎಕ್ಸ್ = 190ಎಕ್ಸ್, ಒಟ್ಟು ಜನ 3ಎಕ್ಸ್, ಭಾಗಿಸಿದರೆ ಮೇಲಿನ ಎಕ್ಸ್‌ಗೂ ಕೆಳಗಿನ ಎಕ್ಸ್‌ಗೂ ಹೊಡೆದುಹೋಗಿ 190/3 ಉಳಿಯುತ್ತದೆ. ತರಗತಿಯಲ್ಲಿ 30 ಜನ ಇರಲಿ, 300 ಇರಲಿ, ಉತ್ತರ ಅದೇ.

ಈಗ ಹೇಳಿಕೆ 1ನ್ನು ಪೂರ್ತಿ ಮರೆತು 2ಕ್ಕೆ ಬನ್ನಿ. ಈ ಮರೆಯುವುದನ್ನೇ ಬಹಳ ಜನ ಮಾಡುವುದಿಲ್ಲ. ಹುಡುಗರು ಎಕ್ಸ್ + 10. ಸರಾಸರಿ (130ಎಕ್ಸ್ + 600) / (2ಎಕ್ಸ್ + 10). ಇಲ್ಲಿ ಎಕ್ಸ್ ಹೋಗುವುದಿಲ್ಲ. ಎಕ್ಸ್ 10 ಆದರೆ 63.33, 20 ಆದರೆ 64. ಎರಡು ಉತ್ತರ ಬಂತು ಅಂದರೆ ಮಾಹಿತಿ ಸಾಲದು.

ಗೊತ್ತಿಲ್ಲದ ಸಂಖ್ಯೆ ಎರಡಿದ್ದರೆ ಸಮೀಕರಣವೂ ಎರಡು ಬೇಕು ಎಂಬ ಶಾಲೆಯ ನಿಯಮ ಇಲ್ಲಿ ಎರಡೂ ಕಡೆಯಿಂದ ಕೈ ಕೊಡುತ್ತದೆ. ಮೇಲೆ ಒಂದೇ ಸಾಕಾಯಿತು. ಇದನ್ನು ನೋಡಿ: ಅ, ಬ, ಕ ಮೂರರ ಸರಾಸರಿ 12. ಅ ಎಷ್ಟು? ಹೇಳಿಕೆ 1: ಅ ಮತ್ತು ಬ ಸರಾಸರಿ 10. ಹೇಳಿಕೆ 2: ಕ = 16. ಮೂರು ಸಂಖ್ಯೆ, ಮೂರು ಸಮೀಕರಣ, ಸಾಕು ಅನಿಸುತ್ತದೆ. ಆದರೆ ಸರಾಸರಿಯನ್ನು ಮೊತ್ತ ಮಾಡಿ ಬರೆದು ನೋಡಿ. ಅ + ಬ + ಕ = 36, ಅ + ಬ = 20. ಇವೆರಡರಿಂದಲೇ ಕ = 16 ಬಂತು! ಎರಡನೇ ಹೇಳಿಕೆ ಹೊಸದೇನೂ ಹೇಳಲಿಲ್ಲ. ಅ 5, ಬ 15 ಇರಬಹುದು, 8 ಮತ್ತು 12 ಇರಬಹುದು. ಎರಡೂ ಸೇರಿದರೂ ಸಾಲದು.

ಅದಕ್ಕೇ ಸರಾಸರಿ ಕಂಡ ಕೂಡಲೇ ಅದನ್ನು ಮೊತ್ತವಾಗಿ ಬರೆಯಿರಿ, ಆಮೇಲೆ ಕೇಳಿದ್ದಕ್ಕೆ ಒಂದೇ ಬೆಲೆ ಬರುತ್ತದಾ ಅಂತ ಮಾತ್ರ ನೋಡಿ. ಬರುತ್ತದೆ ಅಂತ ಖಾತ್ರಿಯಾದರೆ ಅಲ್ಲಿಗೇ ನಿಲ್ಲಿಸಿ. 190ನ್ನು 3ರಿಂದ ಭಾಗಿಸುತ್ತಾ ಸುಮ್ನೆ ಸಮಯ ಕಳೆಯಬೇಡಿ, ಅದಕ್ಕೆ ಅಂಕ ಇಲ್ಲ.