ಅರ್ಥವಾಗದ ಭಾಷೆಯ ಸಂಗೀತ ಕೇಳೋಕೆ ಎಲ್ಲಿಂದ ಶುರು ಮಾಡಬೇಕು?

ಈಜಿಪ್ಟಿನ ಹೆಸರಾಂತ ಗಾಯಕಿ ಉಮ್ ಕುಲ್ಸುಮ್ ಅವರಿಗೆ ಶ್ರುತಿ ಸರಿ ಇಲ್ಲ ಅಂತ ಹೇಳಿದ ಮಹಾನುಭಾವ ನಾನು. ಹೇಳಿದ್ದು ಕುವೈತಿನಲ್ಲಿ, ಒಬ್ಬ ಈಜಿಪ್ಟಿನವರ ಮನೆಯಲ್ಲಿ, ಅವರದೇ ಸೋಫಾದ ಮೇಲೆ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತಾ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹೇಳೋ ಹಕ್ಕು ನನಗೆ ಸ್ವಲ್ಪ ಇದೆ.

ನೀವು ಏಳು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೀರಿ. ಬೇರೆ ದೇಶಗಳ ಹಾಡು ಕೇಳಬೇಕು ಅಂತ ಮೂವತ್ತು ದೇಶಗಳ ಪಟ್ಟಿ ಮಾಡಿಟ್ಟುಕೊಂಡಿದ್ದೀರಿ. ಆದರೆ ಮಾತು ಅರ್ಥವಾಗದೆ ಎರಡು ನಿಮಿಷಕ್ಕೇ ಬೇಜಾರು. ಮೊದಲು ಭಾಷೆ ಕಲಿಯಬೇಕಾ, ಅನುವಾದ ಓದಿಕೊಂಡು ಕೇಳಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಭಾಷೆ ನಿಮಗೆ ಅಡ್ಡ ಬಂದೇ ಇಲ್ಲ. ಇಷ್ಟು ವರ್ಷ ತ್ಯಾಗರಾಜರನ್ನು ಹಾಡಿದಿರಲ್ಲ, ತೆಲುಗು ಬರುತ್ತಿತ್ತಾ? ನನಗಂತೂ ಬರುತ್ತಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಿಂದೂಸ್ತಾನಿ ಖಯಾಲ್ ಕೇಳಿ ಕಣ್ಣು ಮುಚ್ಚಿ ಕೂತ ಧಾರವಾಡದ ರಸಿಕರಲ್ಲಿ ಬ್ರಜ ಭಾಷೆ ಗೊತ್ತಿದ್ದವರು ಎಷ್ಟು ಜನ? ಅರ್ಥವಾಗದ ಭಾಷೆ ಕೇಳಿಯೇ ನಾವೆಲ್ಲ ದೊಡ್ಡವರಾಗಿದ್ದು.

ನಿಮಗೆ ಅಡ್ಡ ಬರುತ್ತಿರುವುದು ಆ ಏಳು ವರ್ಷ.

ಕೋಪ ಮಾಡಿಕೊಳ್ಳಬೇಡಿ, ನನ್ನ ಕಥೆ ಕೇಳಿ. ನಾನು ಉಡುಪಿ ಕಡೆಯವನು. ಕುವೈತಿನ ಒಂದು ಕಟ್ಟಡ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು ಒಬ್ಬ ಈಜಿಪ್ಟಿನ ಹಿರಿಯರು. ಎಲ್ಲರೂ ಅವರನ್ನು 'ಉಸ್ತಾಜ್' ಅನ್ನುತ್ತಿದ್ದರು. ನಾನು ಮೊದಲ ದಿನ ಇವರು ಸಂಗೀತಗಾರರೇ ಇರಬೇಕು ಅಂದುಕೊಂಡೆ. ಅಲ್ಲ, ನಾವು 'ಮೇಷ್ಟ್ರೇ' ಅನ್ನುತ್ತೇವಲ್ಲ, ಆ ಥರ. ನಾನು ಊಟದ ಹೊತ್ತಲ್ಲಿ ಗುನುಗುವುದು ಅವರ ಕಿವಿಗೆ ಬಿದ್ದಿತ್ತು. 'ನಿನಗೆ ಸಂಗೀತ ಗೊತ್ತು, ಗುರುವಾರ ರಾತ್ರಿ ಮನೆಗೆ ಬಾ' ಅಂದರು.

ಗುರುವಾರ ಯಾಕೆ ಅಂದರೆ, ಮರುದಿನ ರಜೆ ಅನ್ನುವುದು ಒಂದು. ಇನ್ನೊಂದು ಕಾರಣ ಉಮ್ ಕುಲ್ಸುಮ್ ಅವರೇ. ಆಕೆ ದಶಕಗಳ ಕಾಲ ಪ್ರತಿ ತಿಂಗಳ ಮೊದಲ ಗುರುವಾರ ಕೈರೋದಲ್ಲಿ ಕಛೇರಿ ಮಾಡುತ್ತಿದ್ದರು. ಅದು ರೇಡಿಯೋದಲ್ಲಿ ನೇರವಾಗಿ ಬರುತ್ತಿತ್ತು, ಅರಬ್ ದೇಶಗಳಲ್ಲೆಲ್ಲ ಜನ ಕಾದು ಕೂತು ಕೇಳುತ್ತಿದ್ದರು. 1975ರಲ್ಲಿ ತೀರಿಕೊಂಡಾಗ ಅಂತ್ಯಯಾತ್ರೆಗೆ ಸೇರಿದ್ದು ಲಕ್ಷಗಟ್ಟಲೆ ಜನ. ಉಸ್ತಾಜ್ ಮನೆಯಲ್ಲಿ ಆ ಗುರುವಾರ ಇನ್ನೂ ಮುಗಿದಿರಲಿಲ್ಲ, ಅಷ್ಟೇ.

ನಾಲ್ಕೈದು ಜನ ಸೇರಿದ್ದರು. ಚಿಕ್ಕ ಗಾಜಿನ ಲೋಟದಲ್ಲಿ ಕಪ್ಪು ಚಹಾ, ತಳದಲ್ಲಿ ಕರಗದೆ ಉಳಿದ ಸಕ್ಕರೆ, ಮೇಲೆ ಒಂದು ಪುದೀನ ಎಲೆ. ತಟ್ಟೆಯಲ್ಲಿ ಹುರಿದ ಕಲ್ಲಂಗಡಿ ಬೀಜ. ಹಾಡು ಹಾಕಿದರು. ಮೊದಲು ವಾದ್ಯಗಳೇ ಬಂದವು, ಬಂದವು, ಬರುತ್ತಲೇ ಇದ್ದವು. ಪಿಟೀಲುಗಳ ಸಾಲು, ಕಾನೂನ್, ಊದ್ ಅನ್ನುವ ತಂತಿವಾದ್ಯಗಳು. ಹತ್ತು ನಿಮಿಷವಾದರೂ ಆಯಮ್ಮ ಬಾಯಿ ಬಿಡಲಿಲ್ಲ. ಆಮೇಲೆ ಹಾಡಿದರು. ಒಂದು ಸಾಲು. ಮತ್ತೆ ಅದೇ ಸಾಲು. ಮತ್ತೆ ಅದೇ. ಸಭಿಕರ ಕೂಗು ಬೇರೆ. ಕೋಣೆಯಲ್ಲಿದ್ದವರೂ 'ಅಲ್ಲಾಹ್!' ಅಂತ ಕೈ ಎತ್ತುತ್ತಿದ್ದರು.

ಆಗ ನಾನು ಏನು ಮಾಡಿದೆ ಗೊತ್ತಾ? ಜೇಬಿನಿಂದ ಮೊಬೈಲ್ ತೆಗೆದು, ತಂಬೂರಿ ಆ್ಯಪ್ ತೆರೆದು, ಕಿವಿಗಿಟ್ಟುಕೊಂಡು, ಆಕೆಯ ಷಡ್ಜ, ಅಂದರೆ 'ಸ', ಹಿಡಿದೆ. ಗಾಂಧಾರ, ಅಂದರೆ 'ಗ', ಕೆಳಗೆ ಬಂತು. ನಮ್ಮ ಮೇಲಿನ 'ಗ' ಆದ ಅಂತರ ಗಾಂಧಾರ ಅಲ್ಲ. ಸರಿ, ಕೆಳಗಿನ 'ಗ' ಆದ ಸಾಧಾರಣ ಗಾಂಧಾರವಾ? ಅದಕ್ಕಿಂತ ಮೇಲೆ. ನಿಷಾದದ್ದೂ, ಅಂದರೆ 'ನಿ'ಯದ್ದೂ, ಅದೇ ಪಾಡು. ನನಗೆ ಏನೋ ಕಂಡುಹಿಡಿದ ಖುಷಿ. ಉಸ್ತಾಜ್ 'ಹೇಗಿದೆ?' ಅಂತ ಕೇಳಿದ್ದೇ ತಡ, 'ಧ್ವನಿ ದೊಡ್ಡದು, ಆದರೆ ಎರಡು ಸ್ವರ ಶ್ರುತಿ ಬಿಟ್ಟಿವೆ' ಅಂದೆ.

ಅವರ ತಮ್ಮನ ಮಗ ಅದನ್ನು ಅರಬ್ಬಿಗೆ ಹೇಳಿದ. ಬೀಜ ಸುಲಿಯುವ ಸದ್ದು ನಿಂತಿತು. ಉಸ್ತಾಜ್ ಬೈಯಲಿಲ್ಲ. ನಕ್ಕು, 'ಮಾಲೇಶ್', ಅಂದರೆ ಪರವಾಗಿಲ್ಲ, ಅಂತ ಹೇಳಿ ಎದ್ದು ಹೋಗಿ ಹಾಡು ನಿಲ್ಲಿಸಿದರು. ನನಗೋಸ್ಕರ ಒಂದು ಅಮಿತಾಭ್ ಬಚ್ಚನ್ ಸಿನಿಮಾದ ಹಾಡು ಹಾಕಿದರು. ಈಜಿಪ್ಟಿನವರಿಗೆ ಅಮಿತಾಭ್ ಅಂದರೆ ಪ್ರಾಣ, ಅತಿಥಿಗೆ ಅದಕ್ಕಿಂತ ದೊಡ್ಡ ಉಪಚಾರ ಇಲ್ಲ. ನಾನು ಆ ಹಾಡಿಗೆ ತಾಳ ಹಾಕಿದೆ. ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ.

ಆಮೇಲೆ ಅವರು ಗುರುವಾರ ಕರೆಯಲಿಲ್ಲ. ಆಫೀಸಿನಲ್ಲಿ ನಗು, ನಮಸ್ಕಾರ ಎಲ್ಲ ಇತ್ತು. ಗುರುವಾರ ಮಾತ್ರ ಇಲ್ಲ. ಅವರ ಊರು ದಕಹ್ಲಿಯಾ ಪ್ರಾಂತ್ಯದ್ದು, ಉಮ್ ಕುಲ್ಸುಮ್ ಹುಟ್ಟಿದ ಹಳ್ಳಿ ಇರುವುದೂ ಅಲ್ಲೇ ಅಂತ ಬಹಳ ದಿನ ಕಳೆದ ಮೇಲೆ ಗೊತ್ತಾಯಿತು. ಗದಗಿನವರ ಮನೆಯಲ್ಲಿ ಚಹಾ ಕುಡಿದು ಭೀಮಸೇನ ಜೋಶಿ ಬೇಸುರ ಅಂದು ಎದ್ದು ಬಂದ ಹಾಗೆ ಆಯಿತಲ್ವಾ.

ತಪ್ಪು ಎಲ್ಲಿ ಆಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಇದನ್ನೇ ಮಾಡುತ್ತಿದ್ದೀರಿ ಅಂತ ನನಗೆ ಗುಮಾನಿ. ಆ ರಾತ್ರಿಯ ಹಾಡು 'ರಾಸ್ತ್' ಅನ್ನುವ ಮಕಾಮಿನಲ್ಲಿತ್ತು. ಮಕಾಮ್ ಅಂದರೆ ಸುಮಾರಾಗಿ ನಮ್ಮ ರಾಗದಂಥದ್ದು. ರಾಸ್ತಿನ ರಿಷಭ, ಮಧ್ಯಮ, ಪಂಚಮ, ಧೈವತ ಎಲ್ಲ ನಮಗೆ ಗೊತ್ತಿರುವ ಜಾಗದಲ್ಲೇ ಇವೆ. ಗಾಂಧಾರ, ನಿಷಾದ ಮಾತ್ರ ನಮ್ಮ ಖರಹರಪ್ರಿಯ ರಾಗದ ಕೆಳಗಿನ ಜಾಗದಲ್ಲೂ ಇಲ್ಲ, ಶಂಕರಾಭರಣ ರಾಗದ ಮೇಲಿನ ಜಾಗದಲ್ಲೂ ಇಲ್ಲ. ಎರಡರ ನಡುವೆ ಇವೆ. ಹಾರ್ಮೋನಿಯಂನಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಅದೂ ಸರಿಯಾಗಿ ಅರ್ಧಕ್ಕೇ ನಿಲ್ಲುತ್ತದೆ ಅಂತಲ್ಲ. ಕೈರೋದವರು ಸ್ವಲ್ಪ ಕೆಳಗೆ ಹಿಡಿಯುತ್ತಾರೆ, ಇಸ್ತಾನ್‌ಬುಲ್‌ನವರು ಇನ್ನೂ ಮೇಲೆ. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ಆಯಿತು. ಯುರೋಪಿನಿಂದ ಹಂಗೇರಿಯ ಸಂಯೋಜಕ ಬಾರ್ತೋಕ್‌ನಂಥ ಸಂಗೀತಗಾರರೂ ಬಂದಿದ್ದರು. ಸ್ಥಾಯಿಯನ್ನು, ಅಂದರೆ ಒಂದು 'ಸ'ದಿಂದ ಮೇಲಿನ 'ಸ'ವರೆಗಿನ ಅಂತರವನ್ನು, 24 ಸಮಭಾಗ ಮಾಡಿಬಿಡೋಣ ಅನ್ನುವ ಮಾತು ಬಂದು, ಒಮ್ಮತವಾಗಲಿಲ್ಲ. ಅಷ್ಟು ಪಂಡಿತರು ಸೇರಿ ಅಳೆಯಲಾಗದ್ದನ್ನು ನಾನು ಪುಕ್ಕಟೆ ಆ್ಯಪ್‌ನಲ್ಲಿ ಅಳೆದಿದ್ದೆ.

ಇದರಲ್ಲಿ ನಾಚಿಕೆಯ ವಿಷಯ ಇನ್ನೊಂದಿದೆ. ಇದು ನನಗೆ ಗೊತ್ತಿರಬೇಕಾಗಿತ್ತು. ಚಿಕ್ಕಂದಿನಲ್ಲಿ ತೋಡಿ ರಾಗ ಹೇಳಿಕೊಡುವಾಗ ನಮ್ಮ ಮೇಷ್ಟ್ರು, 'ಆ ಪೆಟ್ಟಿಗೆ ಮುಚ್ಚು ಮಾರಾಯ, ತೋಡಿಯ ಗಾಂಧಾರ ಅದರೊಳಗಿಲ್ಲ' ಅಂತ ಗದರಿದ್ದರು. ನಮ್ಮ ಆಕಾಶವಾಣಿಯೇ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಸ್ವರವನ್ನು ತೂಗಿ ಜಾರಿಸುವ ನಮ್ಮ ಗಮಕ ಅದಕ್ಕೆ ಸಿಗುವುದಿಲ್ಲ ಅನ್ನುವುದು ಅದರ ಮೇಲಿದ್ದ ದೊಡ್ಡ ದೂರು. ನಮ್ಮ ಸಂಗೀತಕ್ಕೆ ಆ ಅಳತೆಗೋಲು ಸಾಲದು ಅಂತ ಜಗಳಕ್ಕೆ ನಿಲ್ಲುವ ನಾನು, ಅವರ ಸಂಗೀತಕ್ಕೆ ಅದನ್ನೇ ಹಿಡಿದುಕೊಂಡು ಹೋಗಿದ್ದೆ.

ಇದು ಹೊಳೆಯೋಕೆ ಎರಡು ವರ್ಷ ಬೇಕಾಯಿತು. ಒಂದು ಸಂಜೆ ಫಹಾಹೀಲ್‌ನಿಂದ ಸಾಲ್ಮಿಯಾಗೆ ಹೊರಟಿದ್ದೆ. ಧೂಳಿನ ಬಿರುಗಾಳಿ ಎದ್ದು ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ರೇಡಿಯೋದಲ್ಲಿ ಆಕೆ. ಬೇರೆ ಸ್ಟೇಷನ್ ಹುಡುಕೋಣ ಅಂದರೆ ಕೈ ಸ್ಟೇರಿಂಗ್ ಬಿಡುವ ಹಾಗಿಲ್ಲ. ತೆವಳುತ್ತಾ ಹೋದೆ, ಕೇಳುತ್ತಾ ಹೋದೆ. ಒಂದೇ ಸಾಲನ್ನು ಆಕೆ ಸುತ್ತಿ ಸುತ್ತಿ ಹಾಡುತ್ತಿದ್ದರು. ಆರನೇ ಸಲವೋ ಏಳನೇ ಸಲವೋ ಇರಬೇಕು, ಸಾಲಿನ ಕೊನೆಯಲ್ಲಿ ಆ ಗಾಂಧಾರ ಬಂತು. ಹಿಂದಿನ ಸಲ ಇದ್ದದ್ದಕ್ಕಿಂತ ಕೂದಲೆಳೆ ಕೆಳಗೆ. ಅಲ್ಲೇ ನಿಲ್ಲಿಸಿದರು. ಸಭೆ ಸ್ಫೋಟವಾಯಿತು. ನನ್ನ ಬಾಯಿಂದ 'ಆಹಾ' ಬಂದೇಬಿಟ್ಟಿತು, ಒಬ್ಬನೇ ಕಾರಿನಲ್ಲಿ. ತಪ್ಪಿ ಬಿದ್ದ ಸ್ವರ ಅಲ್ಲ ಅದು, ಬೇಕಂತಲೇ ಇಟ್ಟ ಸ್ವರ.

ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ನಮ್ಮ ನೆರವಲ್ ಅಲ್ವಾ ಇದು ಅಂತ ತಕ್ಷಣ ಅನ್ನಿಸಿತು. ನೋಡಿ, ಮತ್ತೆ ಅದೇ ಚಾಳಿ! ನೆರವಲ್‌ನಲ್ಲಿ ಹಾಡುಗಾರ ತನ್ನ ಲೆಕ್ಕದಲ್ಲಿ ಬೆಳೆಸುತ್ತಾನೆ. ಇಲ್ಲಿ ಕೇಳುವವರ ಕೂಗೇ ಮುಂದಿನ ಸುತ್ತನ್ನು ಕರೆಯುತ್ತದೆ. ಅವರು ಬಿಟ್ಟರೆ ಮುಂದಿನ ಸಾಲು, ಇಲ್ಲದಿದ್ದರೆ ಮತ್ತೆ ಅದೇ. ಹಾಗಾಗಿ ಒಂದೇ ಹಾಡು ಒಂದು ರಾತ್ರಿ ಮುಕ್ಕಾಲು ಗಂಟೆ, ಇನ್ನೊಂದು ರಾತ್ರಿ ಒಂದೂವರೆ ಗಂಟೆ. ನಾನು ಗಲಾಟೆ ಅಂದುಕೊಂಡಿದ್ದ ಆ ಕೂಗು ಹಾಡಿನದೇ ಭಾಗ. ಉಸ್ತಾಜ್ ಮನೆಯಲ್ಲಿ ಕೈ ಎತ್ತಿದವರೂ ತಮ್ಮ ಪಾಲಿನ ಕೆಲಸ ಮಾಡುತ್ತಿದ್ದರು. ಅಳತೆ ತೆಗೆಯುತ್ತಾ ಕೂತಿದ್ದವನು ನಾನೊಬ್ಬ.

ಅಷ್ಟರಲ್ಲಿ ಉಸ್ತಾಜ್ ನಿವೃತ್ತರಾಗಿ ಊರಿಗೆ ಹೋಗಿಯಾಗಿತ್ತು. ತಮ್ಮನ ಮಗನ ಹತ್ತಿರ ನಂಬರ್ ತೆಗೆದುಕೊಂಡು ಧ್ವನಿ ಸಂದೇಶ ಕಳಿಸಿದೆ. ಉತ್ತರ ಬಂತು, ಬಹಳ ಪ್ರೀತಿಯಿಂದ. ಆ ರಾತ್ರಿಯದ್ದು ಅವರಿಗೆ ನೆನಪೇ ಇಲ್ಲವಂತೆ. ನಾನು ನಂಬಲಿಲ್ಲ. ಅವರ ಪಕ್ಕದಲ್ಲಿ ಕೂತು ಕೇಳಬಹುದಾಗಿದ್ದ ಸುಮಾರು ನೂರು ಗುರುವಾರ ಹೋದವು, ಅದಂತೂ ನಿಜ.

ಇನ್ನು ನಿಮ್ಮ ವಿಷಯ. ಆ ಮೂವತ್ತು ದೇಶಗಳ ಪಟ್ಟಿ ಹರಿದು ಹಾಕಿ. ಅದು ಪ್ರವಾಸಿ ಬಸ್ಸು, ಎಲ್ಲ ಕಡೆ ಹತ್ತು ನಿಮಿಷ. ಒಂದು ಹಾಡು ಹಿಡಿಯಿರಿ, ಒಂದು ತಿಂಗಳು ಅದನ್ನೇ ಕೇಳಿ. ಅರಬ್ಬಿಯೇ ಆಗಲಿ ಅಂದರೆ ಉಮ್ ಕುಲ್ಸುಮ್ ಅವರ 1964ರ 'ಇಂತ ಓಮ್ರಿ' ತೆಗೆದುಕೊಳ್ಳಿ. 'ನೀನೇ ನನ್ನ ಬದುಕು' ಅಂತ ಅರ್ಥ, ಅಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು. ಸಂಗೀತ ಈಜಿಪ್ಟಿನದೇ ಗಾಯಕ, ಸಂಯೋಜಕ ಮೊಹಮ್ಮದ್ ಅಬ್ದೆಲ್ ವಹಾಬ್ ಅವರದು. ಬಹಳ ಕಾಲ ಪ್ರತಿಸ್ಪರ್ಧಿಗಳಾಗಿದ್ದ ಇಬ್ಬರೂ ಮೊದಲ ಸಲ ಸೇರಿದ ಹಾಡು ಇದು, ಜನ ಇದನ್ನು 'ಮೋಡಗಳ ಭೇಟಿ' ಅಂತ ಕರೆದರು. ವಾದ್ಯಗಳ ಮಧ್ಯೆ ಎಲೆಕ್ಟ್ರಿಕ್ ಗಿಟಾರ್ ಕೇಳಿಸುತ್ತದೆ, ಗಾಬರಿಯಾಗಬೇಡಿ. ಇದರ ಮಕಾಮ್ 'ಕುರ್ದ್', ಸ್ವರಸ್ಥಾನಗಳು ಹೆಚ್ಚುಕಡಿಮೆ ನಮ್ಮ ತೋಡಿಯವೇ. ಹೋಲಿಕೆ ಬೇಡ ಅಂತ ಹೇಳಿ ನಾನೇ ಹೋಲಿಸಿದೆ. ಇರಲಿ, ಒಳಗೆ ಹೋಗೋಕೆ ಒಂದು ಬಾಗಿಲು ಬೇಕಲ್ಲ.

ಅನುವಾದ ಎದುರಿಗಿಟ್ಟುಕೊಂಡು ಕೇಳುವುದನ್ನು ನಾನು ಒಪ್ಪುವುದಿಲ್ಲ. ಕಣ್ಣು ಕೆಲಸ ಮಾಡುತ್ತದೆ, ಕಿವಿ ರಜೆ ಹಾಕುತ್ತದೆ. ಒಂದು ಸಾಲು ತಾನಾಗಿ ಬಾಯಿಗೆ ಬಂದ ಮೇಲೆ ಆ ಸಾಲಿನ ಅರ್ಥ ಕೇಳಿ, ಆ ಭಾಷೆಯವರನ್ನೇ ಕೇಳಿ. ಅವರ ಜೊತೆ ಕೂತು ಕೇಳುವ ಅವಕಾಶ ಸಿಕ್ಕರೆ ಬೇರೆಲ್ಲ ಬಿಟ್ಟು ಹೋಗಿ. ತಂಬೂರಿ ಆ್ಯಪ್ ಮನೆಯಲ್ಲಿ ಬಿಟ್ಟು ಹೋಗಿ.

ಯಾವ ಹೆಡ್‌ಫೋನ್ ತೆಗೆದುಕೊಳ್ಳಲಿ ಅಂತಲೂ ಕೊನೆಗೆ ಕೇಳಿದ್ದೀರಿ. ಯಾವುದಾದರೂ ಆದೀತು. ನನ್ನ ಕಾರಿನ ಎಡಗಡೆ ಸ್ಪೀಕರ್ ಕೆಟ್ಟು ವರ್ಷವಾಗಿತ್ತು.